ಸೋಡಿಯಂಗೆ ಎಂಟರವರೆಗೆ ಎಣಿಸೋಕೆ ಬರುತ್ತಾ?

ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ ರಾಸಾಯನಿಕ ಬಂಧವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ: ‘ಪ್ರತಿ ಪರಮಾಣುವಿಗೂ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಬೇಕು ಅನ್ನೋ ಆಸೆ.’ ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು, ‘ಸಾರ್, ಸೋಡಿಯಂಗೆ ಎಂಟರವರೆಗೆ ಎಣಿಸೋಕೆ ಬರುತ್ತಾ?’ ಎಂದಳು. ಮಕ್ಕಳೆಲ್ಲ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

ಮರುವರ್ಷ ಪಾಠ ಬದಲಾಯಿಸಿದೆ. ನೆಲದ ಮೇಲೆ ಸೀಮೆಸುಣ್ಣದ ವೃತ್ತ, ಎಲೆಕ್ಟ್ರಾನ್ ಬದಲಿಗೆ ಸುಲಿದ ಅಡಿಕೆ. ಒಳಗಿನ ಕವಚದಿಂದ ಹೊರಕ್ಕೆ ಎಣಿಸಿದರೆ ಸೋಡಿಯಂ 2, 8, 1. ಕ್ಲೋರಿನ್ 2, 8, 7. ಕೊನೆಯ ಆ ಒಂದು ಅಡಿಕೆ ಆಚೆಗೆ ಸರಿದರೆ ಇದರ ಜೋಡಣೆ ನಿಯಾನಿನಂತೆ, ಅದರದು ಆರ್ಗಾನಿನಂತೆ; ಎರಡಕ್ಕೂ ಹೊರಗೆ ಎಂಟು. ಎಲೆಕ್ಟ್ರಾನ್ ಹಂಚಿಕೊಳ್ಳುವ ಸಹವೇಲೆನ್ಸೀಯ ಬಂಧಕ್ಕೆ ಎರಡು ತೋಟದ ಗಡಿಯಲ್ಲಿರುವ ಬಾವಿಯ ಮಾತೆತ್ತಿದೆ. ಬಾವಿ ಒಂದೇ, ಆದರೆ ಎರಡೂ ಮನೆಯ ಲೆಕ್ಕಕ್ಕೆ ಬರುತ್ತದೆ. ಎರಡು ಕ್ಲೋರಿನ್ ಪರಮಾಣುಗಳ ನಡುವಿನ ಎಲೆಕ್ಟ್ರಾನ್ ಜೋಡಿಯೂ ಹಾಗೆಯೇ. ಈ ಜೋಡಿಯ ವಿಚಾರವನ್ನು ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1916ರಲ್ಲೇ ಮುಂದಿಟ್ಟಿದ್ದರು.

ಇಷ್ಟಾದರೂ ‘ಯಾಕೆ’ ಅನ್ನುವುದು ಉಳಿದೇ ಇತ್ತು. ಮಂಡಿಯ ಪಟ್ಟಿ ನೋಡಿಕೊಂಡೇ ಬೆಳೆದ ಮಕ್ಕಳಲ್ಲವೇ, ಬೋರ್ಡಿನ ಮೇಲೆ ಜಮಾ–ಖರ್ಚು ಬರೆಸಿದೆ. ಅನಿಲ ರೂಪದ ಒಂದು ಮೋಲ್ (ಡಜನ್ ಇದ್ದ ಹಾಗೆ, ಪರಮಾಣುಗಳ ಒಂದು ನಿಗದಿತ ದೊಡ್ಡ ಎಣಿಕೆ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಖರ್ಚು. ಅದನ್ನು ಕ್ಲೋರಿನ್ ಪರಮಾಣುಗಳು ತೆಗೆದುಕೊಂಡಾಗ ಸಿಗುವುದು 349 ಮಾತ್ರ. 147 ಕೈಬಿಟ್ಟಿತು! ‘ಹಾಗಾದ್ರೆ ಉಪ್ಪು ಆಗಲೇಬಾರದಲ್ಲ ಸಾರ್?’ ಈ ಪ್ರಶ್ನೆ ಬರಲೆಂದೇ ಕಾಯುತ್ತಿದ್ದೆ. ಎಲೆಕ್ಟ್ರಾನ್ ಕಳೆದುಕೊಂಡ ಧನ ಅಯಾನು, ಪಡೆದುಕೊಂಡ ಋಣ ಅಯಾನುಗಳು ಒಂದನ್ನೊಂದು ಸೆಳೆದು ಹರಳಾಗಿ ಕೂತಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ನಷ್ಟ ತುಂಬಿ ಲಾಭವೂ ಉಳಿಯಿತು. ಆಸೆಯ ಮಾತೇ ಬೇಕಾಗಲಿಲ್ಲ. ಶಕ್ತಿ ಇಳಿಯುವ ಕಡೆಗೆ ಪರಮಾಣುಗಳು ಸಾಗುತ್ತವೆ, ಹಲವು ಕಡೆ ಆ ದಾರಿ ಎಂಟಕ್ಕೆ ಬಂದು ನಿಲ್ಲುತ್ತದೆ. ಎಲ್ಲ ಕಡೆಯೂ ಅಲ್ಲ. ಹೈಡ್ರೋಜನ್‌ಗೆ ಎರಡೇ ಸಾಕು, ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನ್ ಸುತ್ತ ಆರೇ. ಇದನ್ನು ಪರೀಕ್ಷೆಗೆ ಕೇಳುವುದಿಲ್ಲವೆಂದು ಬಿಡುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಅಯಾನು ನಿಜವಾಗಿ ಇದೆಯೆಂದು ತೋರಿಸಬೇಕಿತ್ತು. ಬ್ಯಾಟರಿ, ಎಲ್‌ಇಡಿ, ಎರಡು ಪೆನ್ಸಿಲ್ ಕಡ್ಡಿ ಜೋಡಿಸಿದೆ. ಸಕ್ಕರೆ ನೀರಿನಲ್ಲಿ ದೀಪ ಹತ್ತಲಿಲ್ಲ, ಉಪ್ಪುನೀರಿನಲ್ಲಿ ಹತ್ತಿತು. ಒಣ ಉಪ್ಪಿನಲ್ಲಿ ಹತ್ತುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದೆ. ಆದರೆ ಅದು ಆಷಾಢ, ಉಪ್ಪು ನಮ್ಮನೆಯ ಮರಿಗೆಯಿಂದ ತಂದದ್ದು. ದೀಪ ಮಂಕಾಗಿ ಹತ್ತಿಯೇಬಿಟ್ಟಿತು. ಮಕ್ಕಳು ‘ಒಣ ಉಪ್ಪಿನಲ್ಲೂ ವಿದ್ಯುತ್ ಹರಿಯುತ್ತದೆ’ ಎಂದು ಬರೆದುಕೊಂಡರು. ಕಂಡದ್ದನ್ನು ಬರೆದಿದ್ದರು, ಅಳಿಸಿ ಎನ್ನಲು ಮನಸ್ಸಾಗಲಿಲ್ಲ.

ಬಿಸಿಯೂಟದ ಅಡುಗೆಯಕ್ಕನ ಹತ್ತಿರ ಬಾಣಲೆ ಕೇಳಿ ತಂದು ಅದೇ ಉಪ್ಪನ್ನು ಚಟಪಟ ಸದ್ದು ನಿಲ್ಲುವವರೆಗೆ ಹುರಿದೆವು. ಆರಿದ ಮೇಲೆ ಕಡ್ಡಿ ಊರಿದರೆ ದೀಪ ಇಲ್ಲ. ಅಯಾನುಗಳೇನೋ ಇದ್ದವು, ಹರಳಿನಲ್ಲಿ ಕಚ್ಚಿಕೊಂಡು ಅಲುಗದೆ ಕೂತಿದ್ದವು. ಎಂಟರ ಪ್ರಶ್ನೆ ಕೇಳಿದ ಹುಡುಗಿಯ ತಮ್ಮ ಆ ವರ್ಷ ನನ್ನ ತರಗತಿಯಲ್ಲಿದ್ದ. ಬೆರಳು ಅದ್ದಿ ಕಡ್ಡಿಗಳ ನಡುವೆ ನಾಲ್ಕು ಹನಿ ನೀರು ಬಿಟ್ಟ. ದೀಪ ಹತ್ತಿತು.