ಮ್ಯಾನ್‌ಹೋಲ್ ಉಕ್ಕೋದು ನಿಲ್ಲಿಸೋಕೆ ನಾವು ತಾರಸಿ ಹತ್ತಿದ್ವಿ

ಮೈಸೂರಿನ ಲಿಂಗಾಂಬುಧಿ ಕೆರೆ ಹತ್ರ ಮನೆ ಕಟ್ಕೊಂಡು ಬಂದು 26 ವರ್ಷ ಆಯ್ತು, ಬಂದಾಗ ರಸ್ತೇಲಿ ನಾಲ್ಕೇ ಮನೆ, ಈಗ 34. ನಿವಾಸಿಗಳ ಸಂಘ ರಿಜಿಸ್ಟರ್ ಮಾಡ್ಸೋಕೆ ಕಡಿಮೆ ಅಂದ್ರೂ ಏಳು ಜನ ಬೇಕು, ಆ ಏಳನೇ ಸಹಿ ನಂದು, ಆವತ್ತಿಂದ ಫೈಲ್ ನಮ್ಮನೇಲೇ ಇದೆ, ಬೀದಿದೀಪ ಕಸ ಪಾರ್ಕು ಎಲ್ಲಾನೂ ನಾನೇ ಓಡಾಡಿ ಮಾಡ್ಸೋದು. ಅದರಲ್ಲಿ ಯುಜಿಡಿ, ಅಂದ್ರೆ ನೆಲದೊಳಗಿನ ಒಳಚರಂಡಿ ವಿಷಯ ಮಾತ್ರ ಬರೀತೀನಿ, ಯಾಕಂದ್ರೆ ತುಂಬ ಬಡಾವಣೇಲಿ ಇದೇ ಗೋಳು ಇದೆ.

ಜೋರು ಮಳೆ ಬಂದಾಗೆಲ್ಲ, ಅದರಲ್ಲೂ ಚಿತ್ತೆ ಸ್ವಾತಿ ಮಳೇಲಿ, ಮೂಲೆ ಮ್ಯಾನ್‌ಹೋಲ್ ಮುಚ್ಚಳ ಎತ್ಕೊಂಡು ಕೊಳಕು ನೀರು ರಸ್ತೆಗೆ ಬರೋದು, ಅಲ್ಲಿಂದ ಚರಂಡಿ, ಚರಂಡಿಯಿಂದ ಸೀದಾ ಕೆರೆ. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಲ್ಲಿ ಕಟ್ಟಿಸಿದ ಕೆರೆ ಅದು, ಹೆಜ್ಜಾರ್ಲೆ ಬಂದು ಇಳಿಯೋ ಕೆರೆ, ಅದಕ್ಕೆ ನಮ್ಮನೆ ಬಚ್ಚಲು ನೀರು ಹೋಗ್ತಿದೆ ಅಂದ್ರೆ ಹೊಟ್ಟೆ ಉರಿಯೋದು.

ಮೂರು ವರ್ಷ ಅರ್ಜಿ ಬರೆದೆ. ಫೋನ್ ಮಾಡಿದ್ರೆ "ನೋಡ್ತೀವಿ ಬಿಡಿ ಮೇಡಮ್" ಅಷ್ಟೇ, ಅದಕ್ಕೆ ಏನಿದ್ರೂ ಎರಡು ಕಾಪಿ ತಗೊಂಡ್ಹೋಗಿ ಒಂದರ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸ್ಕೊಂಡೇ ಬರೋದು ಕಲಿತೆ. ಕೊನೆಗೆ ಆರ್‌ಟಿಐ ಹಾಕ್ದೆ. ಮೊದಲನೇ ಸಲ ಮೂರು ಪುಟ ಬರೆದಿದ್ದೆ, ವಾಪಸ್ ಬಂತು. ನಮ್ಮ ರಾಜ್ಯದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ ಇರ್ಬೇಕು, 150 ಪದ ದಾಟಬಾರ್ದು ಅಂತ ನಿಯಮ ಇದೆ. ಎರಡನೇ ಸಲ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದೇ ಪ್ರಶ್ನೆ ಕೇಳ್ದೆ, ಎರಡು ವರ್ಷದಲ್ಲಿ ಈ ಮ್ಯಾನ್‌ಹೋಲ್ ಯಾವ್ಯಾವ ತಾರೀಖು ಕ್ಲೀನ್ ಮಾಡಿದೀರ. 30 ದಿನದ ಒಳಗೇ ಉತ್ತರ ಬಂತು. 11 ಸಲ ಮಾಡಿದಾರೆ! ನಾನು ಮಾಡೇ ಇಲ್ಲ ಅಂದ್ಕೊಂಡು ಅಷ್ಟೂ ದಿನ ಬೈಕೊಂಡು ಓಡಾಡಿದ್ದೆ.

ಮುಂದಿನ ಸಲ ಜೆಟ್ಟಿಂಗ್ ಮಿಷನ್ (ಜೋರಾಗಿ ನೀರು ಹೊಡೆದು ಲೈನ್ ಕ್ಲೀನ್ ಮಾಡೋದು) ಬಂದಾಗ ಪಕ್ಕದಲ್ಲೇ ನಿಂತ್ಕೊಂಡೆ. (ರಕ್ಷಣಾ ಸಾಧನ ಇಲ್ದೆ ಒಳಗೆ ಮನುಷ್ಯರನ್ನ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ, ನಿಮ್ಮ ರಸ್ತೇಲಿ ಯಾರಾದ್ರೂ ಹಾಗೆ ಇಳಿಸ್ತಿದ್ರೆ ದಯವಿಟ್ಟು ತಡೀರಿ.) ಮಿಷನ್ ಜೊತೆ ಬಂದಿದ್ದ ಅಣ್ಣ ಹೇಳಿದ್ರು, "ಅಮ್ಮಾವ್ರೆ, ಲೈನ್ ಕಟ್ಕೊಂಡಿಲ್ಲ. ಬಿಸ್ಲಲ್ಲಿ ಚೆನ್ನಾಗೇ ಹೋಯ್ತದೆ, ಮಳೇಲಿ ಮಾತ್ರ ಉಕ್ತದೆ ಅಂದ್ರೆ ಮಳೆನೀರು ಎಲ್ಲೋ ಸೇರ್ಕತಾ ಅದೆ. ತಾರಸಿ ಪೈಪ್ ಎಲ್ಲಿಗ್ ಬುಟ್ಟಿದೀರಿ ನೋಡಿ."

ಮನೆಗೆ ಬಂದು ಅರಿಶಿನ ಸುಣ್ಣ ಕಲಸಿ ಒಂದು ಬಕೆಟ್ ಓಕುಳಿ ಮಾಡ್ಕೊಂಡು ತಾರಸಿಗೆ ಹೋದೆ, ಮಗಳನ್ನ ಗೇಟ್ ಹತ್ರ ಚೇಂಬರ್ (ಮನೆ ಕೊಳಕು ನೀರು ಯುಜಿಡಿಗೆ ಸೇರೋ ಗುಂಡಿ) ಕಲ್ಲು ಸರಿಸಿ ಕೂರಿಸಿದ್ದೆ. ನಾನು ಸುರಿದು ಅರ್ಧ ನಿಮಿಷ ಆಗಿಲ್ಲ, "ಅಮ್ಮಾ, ಕೆಂಪಗೆ ಬಂತು" ಅಂತ ಕೂಗಿದ್ಲು. ಮನೆ ಕಟ್ಟುವಾಗ ಪ್ಲಂಬರ್ ಹತ್ತಿರ ಆಗುತ್ತೆ ಅಂತ ಮಳೆನೀರಿನ ಪೈಪನ್ನೂ ಯುಜಿಡಿ ಚೇಂಬರ್‌ಗೇ ಸೇರಿಸಿಬಿಟ್ಟಿದ್ದ. ಕೆರೆ ಹಾಳಾಗ್ತಿದೆ ಅಂತ ಊರಿಗೆಲ್ಲ ಹೇಳ್ತಿದ್ದವಳು ನಾನು, ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಲೆಕ್ಕ ಹಾಕಿ ನೋಡಿ, 1000 ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ 900 ಲೀಟರ್ ಮೇಲಾಗುತ್ತೆ. ನಾಲ್ಕು ಜನದ ಮನೆ ಒಂದಿಡೀ ದಿನ ಯುಜಿಡಿಗೆ ಬಿಡೋದು ಸುಮಾರು 500 ಲೀಟರ್. ಮನೆ ನೀರಿಗೆ ಅಂತ ಹಾಕಿರೋ ಪೈಪು, ಅರ್ಧ ಗಂಟೇಲಿ ಅಷ್ಟೂ ತಾರಸಿ ನೀರು ನುಗ್ಗಿದ್ರೆ ಮುಚ್ಚಳ ಎತ್ತದೆ ಇನ್ನೇನು ಮಾಡುತ್ತೆ.

ಮೊದಲು ನಮ್ಮನೆ ಪೈಪ್ ಬಿಡಿಸಿ ರಸ್ತೆ ಬದಿ ಮಳೆ ಚರಂಡಿಗೆ ತಿರುಗಿಸ್ದೆ. ಇಂಗುಗುಂಡಿ ಮಾಡೋ ಆಸೆ ಇತ್ತು, ಆದ್ರೆ ಪಾಯದಿಂದ 10 ಅಡಿನಾದ್ರೂ ದೂರ ಬೇಕು, 30-40 ಸೈಟಲ್ಲಿ ಅಷ್ಟು ಜಾಗ ಎಲ್ಲಿಂದ ತರೋದು. ಮೀಟಿಂಗ್ ಕರೀಲಿಲ್ಲ, ಮೀಟಿಂಗಿಗೆ ಬರೋರು ಯಾವಾಗ್ಲೂ ಅದೇ ಎಂಟು ಜನ. ಭಾನುವಾರ ಬೆಳಗ್ಗೆ ಬಕೆಟ್ ಹಿಡ್ಕೊಂಡು ಮನೆ ಮನೆಗೇ ಹೋದ್ವಿ, ಮಕ್ಕಳಿಗಂತೂ ಬಣ್ಣ ಎಲ್ಲಿ ಬರುತ್ತೆ ನೋಡೋದೇ ಖುಷಿ. 34ರಲ್ಲಿ 19 ಮನೇಲಿ ಚೇಂಬರ್‌ನಲ್ಲೇ ಕೆಂಪು ಬಂತು. ಕಣ್ಣಾರೆ ನೋಡಿದ ಮೇಲೆ ಯಾರೂ ವಾದ ಮಾಡ್ಲಿಲ್ಲ, ಒಬ್ಬನೇ ಪ್ಲಂಬರ್‌ಗೆ ಎಲ್ಲ ಮನೆ ಕೆಲಸ ಒಟ್ಟಿಗೆ ಕೊಟ್ಟಿದ್ರಿಂದ ಖರ್ಚೂ ಕಮ್ಮಿ ಆಯ್ತು. ಒಬ್ರು ಹಿರಿಯರು ಮಾತ್ರ "ಕಂದಾಯ ಕಟ್ತೀವಲ್ಲಮ್ಮ, ಅವ್ರೇ ಮಾಡ್ಲಿ" ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ, ನಾನು ಜಗಳ ಆಡ್ಲಿಲ್ಲ, ಮೂರು ಸಲ ಹೋದೆ. ಆ ಮಳೆಗಾಲದಲ್ಲಿ ಅವರ ಕೆಳಗಿನ ಮನೆ ಬಾತ್‌ರೂಮಲ್ಲೇ ನೀರು ಹಿಂದಕ್ಕೆ ಬಂತು, ಮಾರನೇ ದಿನ ಅವ್ರೇ ಫೋನ್ ಮಾಡಿದ್ರು.

ಹೋದ ವರ್ಷ ಸ್ವಾತಿ ಮಳೆ ಹೊಡೆದ ರಾತ್ರಿ ಛತ್ರಿ ಟಾರ್ಚ್ ತಗೊಂಡು ನಾಲ್ಕು ಜನ ಆ ಮುಚ್ಚಳದ ಹತ್ರ ಹೋಗಿ ನಿಂತ್ಕೊಂಡ್ವಿ. ಎತ್ಕೊಳ್ಳಲಿಲ್ಲ. ಅಂಚಲ್ಲಿ ಸ್ವಲ್ಪ ಜಿನುಗ್ತಿತ್ತು, ಯಾಕಂದ್ರೆ ಹಿಂದಿನ ಕ್ರಾಸ್ ಮನೆಗಳೂ ಇದೇ ಲೈನಿಗೆ ಸೇರುತ್ತೆ, ಅಲ್ಲಿ ಇನ್ನೂ ಬಕೆಟ್ ಹಿಡ್ಕೊಂಡು ಹೋಗಿಲ್ಲ. ಆ ಕ್ರಾಸಲ್ಲೊಂದು ಹೊಸ ಮನೆ ಏಳ್ತಿದೆ, ಈ ವಾರ ಪ್ಲಂಬಿಂಗ್ ಶುರು ಅಂತೆ, ನಾಳೆ ಬೆಳಗ್ಗೆನೇ ಹೋಗಿ ಮೇಸ್ತ್ರಿ ಹತ್ರ ಮಾತಾಡ್ಬೇಕು.