ಅಂಡಾಣು ಮಾಗಲು ಬೇಕಾದ ಕ್ಯಾಲ್ಸಿಯಂ: ಊಟದಿಂದಲೇ ಪಡೆಯುವುದು ಹೇಗೆ?

ಕ್ಯಾಲ್ಸಿಯಂ ಎಂದೊಡನೆ ಮೂಳೆ, ಹಲ್ಲು ನೆನಪಾಗುತ್ತವೆ. ಮಗುವಿನ ಯೋಚನೆಯಲ್ಲಿರುವವರು ಅಂಡಾಶಯದಲ್ಲಿ ಅದರ ಕೆಲಸವನ್ನೂ ತಿಳಿದಿರಬೇಕು.

ಹೆಣ್ಣುಮಗು ಹುಟ್ಟುವ ಮೊದಲೇ ಅದರ ಅಂಡಾಣುಗಳು ವಿಭಜನೆಯ ನಡುವೆ ನಿಂತಿರುತ್ತವೆ. ದೊಡ್ಡವಳಾದ ಮೇಲೆ ತಿಂಗಳ ಋತುಚಕ್ರದಲ್ಲಿ ಅಂಡಾಣು ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನ್ ಏರಿದಾಗ, ಸಾಮಾನ್ಯವಾಗಿ ಒಂದು ಅಂಡಾಣು ಮತ್ತೆ ಮಾಗತೊಡಗಿ ತನ್ನೊಳಗೆ ಕ್ಯಾಲ್ಸಿಯಂ ಕೂಡಿಟ್ಟುಕೊಳ್ಳುತ್ತದೆ. ವೀರ್ಯಾಣು ತರುವ ಪಿಎಲ್‌ಸಿ ಝೀಟಾ ಎಂಬ ಪ್ರೋಟೀನ್ ಆ ದಾಸ್ತಾನನ್ನು ಬಿಡಿಸುತ್ತದೆ. ಕ್ಯಾಲ್ಸಿಯಂ ಅಲೆಅಲೆಯಾಗಿ ಗಂಟೆಗಟ್ಟಲೆ ಏರಿಳಿಯುತ್ತದೆ. ಎರಡನೇ ವೀರ್ಯಾಣು ಒಳಬರದಂತೆ ತಡೆಯುವುದೂ ಭ್ರೂಣ ಬೆಳೆಯತೊಡಗುವುದೂ ಈ ಅಲೆಗಳಿಂದಲೇ. ಹೀಗೆ ಅಲೆ ಏಳದೆ ಫಲೀಕರಣ ವಿಫಲವಾದ ಕೆಲವರಿಗೆ ಐವಿಎಫ್ (ದೇಹದ ಹೊರಗೆ ಫಲೀಕರಣ) ಪ್ರಯೋಗಾಲಯದಲ್ಲಿ, ಅಂಡಾಣುವಿನೊಳಗೆ ಕ್ಯಾಲ್ಸಿಯಂ ಏರಿಸುವ ಕ್ಯಾಲ್ಸಿಯಂ ಅಯಾನೊಫೋರ್ ಎಂಬ ರಾಸಾಯನಿಕ ಬಳಸುವುದುಂಟು. ಅಂಡಾಶಯದ ಕೋಶಗಳು ಕೊಲೆಸ್ಟ್ರಾಲ್‌ನಿಂದ ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನ್ ತಯಾರಿಸುವಾಗಲೂ ಕ್ಯಾಲ್ಸಿಯಂ ಸಂಕೇತ ನೆರವಾಗುತ್ತದೆ.

ಹಾಗೆಂದು ಹೆಚ್ಚು ಕ್ಯಾಲ್ಸಿಯಂ ಮಾತ್ರೆ ನುಂಗಿದ ಮಾತ್ರಕ್ಕೆ ಅಂಡಾಣು ಇನ್ನಷ್ಟು ಚೆನ್ನಾಗಿ ಮಾಗಿಬಿಡುವುದಿಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹ ಬಿಗಿಯಾಗಿ ಕಾಯುತ್ತದೆ. ಊಟದಲ್ಲಿ ಸಾಲದಿದ್ದರೆ ಮೂಳೆಯಿಂದ ತೆಗೆದು ತುಂಬುತ್ತದೆ. ಅಂಥ ಪರಿಸ್ಥಿತಿ ಬಾರದಂತೆ ನೋಡಿಕೊಂಡರೆ ಸಾಕು.

ಹಂತ 1: ಲೆಕ್ಕ ಹಾಕಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿ.ಗ್ರಾಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಇರುತ್ತದೆ. ಮಧ್ಯಾಹ್ನ ಮುದ್ದೆ, ಬೆಳಿಗ್ಗೆ ಹಾಲು, ರಾತ್ರಿ ಒಂದು ಬಟ್ಟಲು ಮೊಸರು ಎಂದುಕೊಂಡರೆ ಮುಕ್ಕಾಲು ಭಾಗ ಮುಗಿಯಿತು.

ಹಂತ 2: ಉಳಿದದ್ದಕ್ಕೆ ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪಿನ ಪಲ್ಯ, ಮುಳ್ಳುಸಮೇತ ತಿನ್ನುವ ಸಣ್ಣ ಮೀನು. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಆ ಕ್ಯಾಲ್ಸಿಯಂ ಹೀರಿಕೆಯನ್ನು ತಡೆಯುತ್ತದೆ.

ಹಂತ 3: ವಿಟಮಿನ್ ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ. ಬಿಸಿಲಿಗೆ ಮೈಯೊಡ್ಡಿ, ಮನೆಯೊಳಗೇ ಹೆಚ್ಚು ಇರುವವರು ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಹಂತ 4: ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆದರೆ ಒಮ್ಮೆಗೆ 500 ಮಿ.ಗ್ರಾಂ ಮೀರದಿರಲಿ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಾದರೆ ಊಟದ ಜೊತೆಗೆ. ಕಬ್ಬಿಣಾಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಅದನ್ನು ಮೊದಲೇ ಹೇಳಿಬಿಡಿ.

ಎಲೆಯಡಿಕೆಯ ಸುಣ್ಣ ತಿಂದರೆ ಮಕ್ಕಳಾಗುತ್ತವೆ ಎಂಬ ವಾಟ್ಸ್ಆ್ಯಪ್ ಸಲಹೆಯನ್ನು ದಯವಿಟ್ಟು ನಂಬಬೇಡಿ. ಸುಣ್ಣ ಬಾಯಿ, ಅನ್ನನಾಳವನ್ನು ಸುಡಬಲ್ಲದು. ಮುಟ್ಟು ಏರುಪೇರಾಗಿದ್ದರೆ ಕಾಯದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟು ಸರಿಯಿದ್ದೂ ಒಂದು ವರ್ಷ ಪ್ರಯತ್ನಿಸಿ ಗರ್ಭ ನಿಲ್ಲದಿದ್ದರೆ, ವಯಸ್ಸು 35 ದಾಟಿದ್ದರೆ ಆರೇ ತಿಂಗಳಿಗೆ, ಗಂಡ ಹೆಂಡತಿ ಇಬ್ಬರೂ ಪರೀಕ್ಷೆಗೆ ಹೋಗಿ.