ಪುಟ ಎಗರದೆ ಜಾರಬೇಕಾದರೆ: ಲಿನಕ್ಸ್‌ನಲ್ಲಿ ಡಿಸ್‌ಪ್ಲೇ ವ್ಯವಸ್ಥೆ ಆರಿಸುವ ಬಗೆ

ಕಳೆದ ತಿಂಗಳು ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಹಾಕಿಕೊಂಡಿದ್ದರು. "ಎಲ್ಲ ಚೆನ್ನಾಗಿದೆ, ಆದ್ರೆ ಓದುವಾಗ ಪುಟ ಕುಣಿಯುತ್ತೆ ಮಾರಾಯ್ರೆ. ವೇಲ್ಯಾಂಡ್‌ಗೂ ಬದಲಾಯಿಸಿ ನೋಡಿದೆ, ಏನೂ ಪ್ರಯೋಜನ ಆಗ್ಲಿಲ್ಲ" ಎಂದರು. ನೋಡಿದರೆ ಡೆಸ್ಕ್‌ಟಾಪ್ ವೇಲ್ಯಾಂಡ್ ಎಂಬ ಹೊಸ ಡಿಸ್‌ಪ್ಲೇ ವ್ಯವಸ್ಥೆಯಲ್ಲೇ ಇತ್ತು. ಅವರು ದಿನವಿಡೀ ಬಳಸುವ ಬ್ರೌಸರ್ ಮಾತ್ರ ಹಳೆಯ ಎಕ್ಸ್11 ದಾರಿಯಲ್ಲೇ ಓಡುತ್ತಿತ್ತು.

ಇದೇ ತಪ್ಪನ್ನು ನಾನು ಬೇಕಾದಷ್ಟು ಜನರ ಬಳಿ ನೋಡಿದ್ದೇನೆ. ಬದಲಾಯಿಸುವ ಕೆಲಸ ಅರ್ಧ ನಿಮಿಷದ್ದು. ಅದಕ್ಕೆ ಮೊದಲು ಏನು ನೋಡಬೇಕು, ಆಮೇಲೆ ಏನು ನೋಡಬೇಕು ಎನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ.

ಮೊದಲು ಈ ಎರಡು ಹೆಸರುಗಳ ಪರಿಚಯ ಇರಲಿ. ಪ್ರೋಗ್ರಾಂಗಳ ಚಿತ್ರವನ್ನು ಪರದೆಗೆ ತಲುಪಿಸುವುದೇ ಎರಡರ ಕೆಲಸ. ಎಕ್ಸ್ ಎಂಬ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾಯಿತು. ಅದರ 11ನೇ ಆವೃತ್ತಿ ಬಂದದ್ದು 1987ರಲ್ಲಿ, ಹಾಗಾಗಿ ಎಕ್ಸ್11. ವೇಲ್ಯಾಂಡ್ ಅನ್ನು 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದರು, 2012ರಲ್ಲಿ ಅದರ 1.0 ಆವೃತ್ತಿ ಬಂತು. ಎಕ್ಸ್11ರಲ್ಲಿ ಚಿತ್ರದ ಓಡಾಟ ಕಚೇರಿಯ ಫೈಲಿನ ಹಾಗೆ. ಪ್ರೋಗ್ರಾಂ ಬರೆದ ಚಿತ್ರ ಎಕ್ಸ್ ಸರ್ವರ್‌ನ ಮೇಜಿಗೆ ಹೋಗುತ್ತದೆ. ಅಲ್ಲಿಂದ ಎಲ್ಲ ಕಿಟಕಿಗಳನ್ನು (ವಿಂಡೋಗಳನ್ನು) ಜೋಡಿಸುವ ಕಾಂಪೋಸಿಟರ್‌ನ ಮೇಜಿಗೆ. ಜೋಡಿಸಿದ ಮೇಲೆ ಮತ್ತೆ ಸರ್ವರ್‌ನ ಮೇಜಿಗೆ ವಾಪಸ್, ಆಮೇಲೆ ಪರದೆಗೆ. ವೇಲ್ಯಾಂಡ್‌ನಲ್ಲಿ ಸರ್ವರ್, ಕಾಂಪೋಸಿಟರ್ ಎರಡೂ ಒಂದೇ ಮೇಜು. ಪೂರ್ತಿ ಸಿದ್ಧವಾದ ಚಿತ್ರ ಮಾತ್ರ ಪರದೆಗೆ ಹೋಗಬೇಕು ಎನ್ನುವುದು ಅದರ ಮೂಲ ನಿಯಮ.

ಹೆಜ್ಜೆ 1: ರೋಗ ಯಾವುದು ನೋಡಿ

"ಸ್ಕ್ರಾಲ್ ಸರಿಯಿಲ್ಲ" ಎನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿವೆ.

ಒಂದು, ಪುಟ ಬಟ್ಟೆ ಹರಿದ ಹಾಗೆ ಹರಿಯುವುದು. ಒತ್ತಕ್ಷರ ಜಾಸ್ತಿ ಇರುವ ಒಂದು ಕನ್ನಡ ಪುಟ ತೆರೆದು ಜೋರಾಗಿ ಸ್ಕ್ರಾಲ್ ಮಾಡಿ. ಪರದೆಗೆ ಅಡ್ಡಲಾಗಿ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆಯೇ? ಆ ಗೆರೆಯ ಮೇಲೆ ಒಂದು ಕ್ಷಣದ ಚಿತ್ರ, ಕೆಳಗೆ ಇನ್ನೊಂದು ಕ್ಷಣದ ಚಿತ್ರ. "ರಾಷ್ಟ್ರ" ಎಂಬ ಪದದ ಒತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಣೆಯಾಗಿ ಮತ್ತೆ ಬರುತ್ತದೆ. ಅನುಮಾನ ಇದ್ದರೆ ಒಂದು ಕಿಟಕಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ಎಳೆದಾಡಿ. ಅದರ ನೇರ ಅಂಚು ನಡುವೆ ಮುರಿದ ಕೋಲಿನ ಹಾಗೆ ಕಂಡರೆ ಹರಿಯುತ್ತಿದೆ ಎಂದೇ ಅರ್ಥ.

ಎರಡು, ಎಗರುವುದು. ಟಚ್‌ಪ್ಯಾಡ್ ಮೇಲೆ ಎರಡು ಬೆರಳಿಟ್ಟು ಆದಷ್ಟು ನಿಧಾನ ಸರಿಸಿ. ಪುಟ ಬೆರಳಿನ ಜೊತೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಯಬೇಕು. ಬೆರಳು ಸರಿಯುತ್ತಾ ಇದ್ದರೂ ಪುಟ ಸುಮ್ನೆ ನಿಂತು, ಆಮೇಲೆ ಒಮ್ಮೆಲೇ ಮೂರು ಸಾಲು ಹಾರಿದರೆ ಅದು ಎಗರು. ಹಳೆಯ ಎಕ್ಸ್‌ನಲ್ಲಿ ಸ್ಕ್ರಾಲ್ ಎಂದರೆ ಮೌಸ್‌ನ 4 ಮತ್ತು 5ನೇ ಬಟನ್ ಒತ್ತಿದ ಹಾಗೆ ಲೆಕ್ಕ. ಅರ್ಧ ಒತ್ತು ಎನ್ನುವುದೇ ಇಲ್ಲ. 2012ರಲ್ಲಿ ಎಕ್ಸ್‌ಗೆ ಎಕ್ಸ್‌ಇನ್‌ಪುಟ್ 2.1 ಎಂಬ ಸೇರ್ಪಡೆ ಬಂದು ಇದಕ್ಕೆ ದಾರಿ ಮಾಡಿಕೊಟ್ಟಿತು. ಆದರೂ ಹಳೆಯ ದಾರಿಯನ್ನೇ ಹಿಡಿದ ಪ್ರೋಗ್ರಾಂಗಳು ಇನ್ನೂ ಇವೆ.

ಮೂರು, ತಡವರಿಸುವುದು. ಪುಟ ಚೆನ್ನಾಗಿ ಜಾರುತ್ತಾ ಜಾರುತ್ತಾ ಅಲ್ಲಲ್ಲಿ ಮುಗ್ಗರಿಸುತ್ತದೆ.

ಮೊದಲನೆಯದಕ್ಕೆ ವೇಲ್ಯಾಂಡ್ ನೇರವಾದ ಮದ್ದು. ಎರಡನೆಯದಕ್ಕೂ ಬಹಳ ಮಟ್ಟಿಗೆ ಆಗುತ್ತದೆ. ಮೂರನೆಯದಕ್ಕೆ ಕಾರಣ ಹೆಚ್ಚಿನ ಸಲ ಬೇರೆಲ್ಲೋ ಇರುತ್ತದೆ. ಅದಕ್ಕೇ ಮುಂದಿನ ಹೆಜ್ಜೆ.

ಹೆಜ್ಜೆ 2: ಪರದೆಯ ವೇಗ, ಗ್ರಾಫಿಕ್ಸ್‌ನ ಹೆಸರು

ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಸ್ ತೆರೆದು ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ, ನೋಡಿ. 60 ಹರ್ಟ್ಸ್ ಇದ್ದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. 144 ಇದ್ದರೆ ಸುಮಾರು 7. ನಮ್ಮ ಅತ್ತಿಗೆ 4ಕೆ ಮಾನಿಟರ್ ತಂದು, ಅಗ್ಗದ ಯುಎಸ್‌ಬಿ-ಸಿ ಅಡಾಪ್ಟರ್ ಮೂಲಕ ಜೋಡಿಸಿದ್ದರು. ಅಲ್ಲಿ 30 ಎಂದು ಇತ್ತು! ಎಚ್‌ಡಿಎಂಐ 1.4ರ ಮಟ್ಟದ ಅಡಾಪ್ಟರ್‌ನಲ್ಲಿ 4ಕೆ ಚಿತ್ರ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಬರುವುದೇ ಇಲ್ಲ. ಅಂಥ ಪರದೆಯಲ್ಲಿ ಯಾವ ವ್ಯವಸ್ಥೆ ಹಾಕಿದರೂ ಪುಟ ಕುಣಿಯುತ್ತದೆ. ಅಡಾಪ್ಟರ್ ಕೊಳ್ಳುವಾಗ ಡಬ್ಬದ ಮೇಲೆ "4ಕೆ" ಎಂದಷ್ಟೇ ಇದ್ದರೆ ಬಿಟ್ಟುಬಿಡಿ. "4ಕೆ 60 ಹರ್ಟ್ಸ್" ಎಂದು ಸ್ಪಷ್ಟವಾಗಿ ಬರೆದಿರಬೇಕು.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್, ಸಿಸ್ಟಮ್ ಡೀಟೇಲ್ಸ್. ಗ್ರಾಫಿಕ್ಸ್ ಎಂಬ ಸಾಲಿನಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಎಂದಿರಬೇಕು. "ಎಲ್‌ಎಲ್‌ವಿಎಂಪೈಪ್" ಎಂದಿದ್ದರೆ ಅಲ್ಲೇ ನಿಲ್ಲಿ. ಗ್ರಾಫಿಕ್ಸ್ ಚಿಪ್ ಕೆಲಸ ಮಾಡುತ್ತಿಲ್ಲ, ಅಷ್ಟೂ ಚಿತ್ರವನ್ನು ಪ್ರೊಸೆಸರ್ ಒಂದೇ ಬರೆಯುತ್ತಿದೆ ಎಂದು ಅದರ ಅರ್ಥ. ಉಬುಂಟು ಹಾಕುವಾಗ "ಸೇಫ್ ಗ್ರಾಫಿಕ್ಸ್" ಆರಿಸಿದವರಿಗೆ ಹೀಗಾಗುವುದುಂಟು. ಆ ಆಯ್ಕೆ ಇನ್‌ಸ್ಟಾಲ್ ಆದ ಮೇಲೂ "ನೋಮೋಡ್‌ಸೆಟ್" ಎಂಬ ಹೆಸರಿನಲ್ಲಿ, ಕಂಪ್ಯೂಟರ್ ಶುರುವಾಗುವಾಗ ಓದುವ ಬೂಟ್ ಸಾಲಿನಲ್ಲಿ ಉಳಿದುಬಿಡಬಹುದು. ಅದನ್ನು ತೆಗೆಸಿ, ಸರಿಯಾದ ಡ್ರೈವರ್ ಹಾಕಿಸಿ, ಆಮೇಲೆ ಮುಂದಕ್ಕೆ ಹೋಗಿ.

ಹೆಜ್ಜೆ 3: ಆಯ್ಕೆ

ನನ್ನ ಮಾತು ಇಷ್ಟು. ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇದ್ದು, ಗ್ನೋಮ್ (ಉಬುಂಟುವಿನ ಡೆಸ್ಕ್‌ಟಾಪ್) ಅಥವಾ ಕೆಡಿಇ ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪ್ ಬಳಸುತ್ತಿದ್ದರೆ ವೇಲ್ಯಾಂಡ್ ತಗೊಳ್ಳಿ, ಯೋಚನೆಯೇ ಬೇಡ. ಲಿನಕ್ಸ್‌ನ ಇನ್ನೊಂದು ಬಗೆಯಾದ ಫೆಡೋರಾ 2016ರಲ್ಲಿ 25ನೇ ಆವೃತ್ತಿಯಿಂದಲೇ ಇದನ್ನು ಮೊದಲ ಆಯ್ಕೆ ಮಾಡಿಕೊಂಡಿದೆ. ಪ್ಲಾಸ್ಮಾ 2024ರಲ್ಲಿ 6.0 ಬಂದಾಗ ಅದೇ ದಾರಿ ಹಿಡಿಯಿತು. ಉಬುಂಟು 25.10ರಲ್ಲಂತೂ ಗ್ನೋಮ್‌ನ ಎಕ್ಸ್11 ಸೆಷನ್ ಇಲ್ಲವೇ ಇಲ್ಲ.

ಎನ್‌ವಿಡಿಯಾ ಇದ್ದರೆ ಡ್ರೈವರ್‌ನ ಸಂಖ್ಯೆ ನೋಡಿ. 555 ಅಥವಾ ಅದಕ್ಕಿಂತ ಹೊಸದಿರಲಿ. ಚಿತ್ರ ಬರೆದು ಮುಗಿಯಿತೋ ಇಲ್ಲವೋ ಎಂದು ಡ್ರೈವರ್ ಮತ್ತು ಕಾಂಪೋಸಿಟರ್ ಪರಸ್ಪರ ಹೇಳಿಕೊಳ್ಳುವ ಎಕ್ಸ್‌ಪ್ಲಿಸಿಟ್ ಸಿಂಕ್ ಎಂಬ ಏರ್ಪಾಡು 2024ರ ಆ ಆವೃತ್ತಿಯಲ್ಲಿ ಬಂತು. ಅದಕ್ಕಿಂತ ಹಳೆಯದರಲ್ಲಿ ಕಿಟಕಿಗಳು ಮಿನುಗುವ ಕಾಟ ಇರುತ್ತದೆ. ಡ್ರೈವರ್ ಏರಿಸಲು ಆಗದ ಹಳೆಯ ಕಾರ್ಡ್ ಆದರೆ ಎಕ್ಸ್11ರಲ್ಲೇ ಇರಿ.

ಲಿನಕ್ಸ್ ಮಿಂಟ್‌ನ ಸಿನಮನ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುವವರೂ ಎಕ್ಸ್11 ಬಿಡಬೇಡಿ. ಸಿನಮನ್ 6.0ರಲ್ಲಿ, ಎಕ್ಸ್‌ಎಫ್‌ಸಿಇ 4.20ರಲ್ಲಿ ವೇಲ್ಯಾಂಡ್ ಬಂದದ್ದು ಪ್ರಯೋಗವಾಗಿ ಮಾತ್ರ. ದಿನದ ಕೆಲಸಕ್ಕೆ ಅದನ್ನು ನಂಬಬೇಡಿ.

ಎರಡು ಮಾನಿಟರ್ ಇದ್ದು, ಒಂದು 60, ಇನ್ನೊಂದು 144 ಹರ್ಟ್ಸ್ ಇದ್ದರೆ ವೇಲ್ಯಾಂಡ್ ಬೇಕೇ ಬೇಕು. ಎಕ್ಸ್11ಗೆ ಎರಡೂ ಸೇರಿ ಒಂದೇ ದೊಡ್ಡ ಪರದೆ. ವೇಲ್ಯಾಂಡ್‌ನಲ್ಲಿ ಒಂದೊಂದು ಪರದೆಗೂ ಅದರದೇ ತಾಳ.

ಹೆಜ್ಜೆ 4: ಬದಲಾಯಿಸುವುದು

ಲಾಗ್‌ಔಟ್ ಆಗಿ, ನಿಮ್ಮ ಹೆಸರಿನ ಮೇಲೆ ಒತ್ತಿ. ಪಾಸ್‌ವರ್ಡ್ ಹಾಕುವ ಮೊದಲು ಬಲಗಡೆ ಕೆಳಮೂಲೆಯ ಹಲ್ಲುಚಕ್ರ ಒತ್ತಿ ಸೆಷನ್ ಆರಿಸಿ. ಉಬುಂಟು 24.04ರಲ್ಲಿ ಸಾಮಾನ್ಯವಾಗಿ ಬರೀ "ಉಬುಂಟು" ಎಂದಿದ್ದರೆ ವೇಲ್ಯಾಂಡ್, "ಉಬುಂಟು ಆನ್ ಎಕ್ಸ್‌ಆರ್ಗ್" ಎಂದಿದ್ದರೆ ಎಕ್ಸ್11. ಪಾಸ್‌ವರ್ಡ್ ಇಲ್ಲದೆ ನೇರ ಒಳಗೆ ಹೋಗುವ ಹಾಗೆ ಆಟೊ ಲಾಗಿನ್ ಇಟ್ಟುಕೊಂಡವರಿಗೆ ಈ ಚಕ್ರ ಕಾಣುವುದೇ ಇಲ್ಲ, ಅವರೂ ಒಮ್ಮೆ ಲಾಗ್‌ಔಟ್ ಆಗಬೇಕು.

ಇಲ್ಲೊಂದು ಎಚ್ಚರಿಕೆ. ಪುಟ ಹರಿಯದಿರಲೆಂದು "ಟಿಯರ್‌ಫ್ರೀ" ಎಂಬ ಸಾಲು ಇರುವ ಎಕ್ಸ್‌ಆರ್ಗ್ ಸೆಟ್ಟಿಂಗ್ ಫೈಲನ್ನು ನಕಲು ಮಾಡಿ ಹಾಕಿ ಎನ್ನುವ ಹಳೆಯ ಸಲಹೆಗಳು ಎಲ್ಲೆಲ್ಲೂ ಸಿಗುತ್ತವೆ. ವೇಲ್ಯಾಂಡ್ ಆ ಫೈಲನ್ನು ಓದುವುದೇ ಇಲ್ಲ. ಎಕ್ಸ್11ರಲ್ಲಿ ಓದುತ್ತದೆ, ಆದರೆ ಅದರಲ್ಲಿ ಬರೆದ ಡ್ರೈವರ್ ನಿಮ್ಮಲ್ಲಿ ಇಲ್ಲದಿದ್ದರೆ ಲಾಗಿನ್ ಪರದೆಯೇ ಬರುವುದಿಲ್ಲ. ನಾನು ಒಮ್ಮೆ ರಾತ್ರಿ ಹನ್ನೊಂದಕ್ಕೆ ಇದನ್ನು ಮಾಡಿ, ಬೆಳಗಿನ ಜಾವದವರೆಗೆ ಕಪ್ಪು ಪರದೆಯ ಮುಂದೆ ಕೂತಿದ್ದೇನೆ. "ಸಿನಾಪ್ಟಿಕ್ಸ್" ಎಂಬ ಹಳೆಯ ಟಚ್‌ಪ್ಯಾಡ್ ಡ್ರೈವರ್ ಹಾಕಿ ಎನ್ನುವ ಮಾತನ್ನೂ ಕೇಳಬೇಡಿ. ಅದು ಎಕ್ಸ್‌ಗೆ ಮಾತ್ರ. ಈಗ ಎರಡೂ ಕಡೆ ಲಿಬ್‌ಇನ್‌ಪುಟ್ ಎಂಬುದೇ ಬೆರಳಿನ ಚಲನೆ ಓದುತ್ತದೆ.

ಹೆಜ್ಜೆ 5: ಬ್ರೌಸರ್ ನಿಜವಾಗಿ ಬದಲಾಯಿತೇ?

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಗೆಳೆಯರೂ ಇದನ್ನೇ ಬಿಟ್ಟಿದ್ದರು. ಸ್ವಲ್ಪ ತಾಳ್ಮೆಯಿಂದ ಮಾಡಿ.

ವೇಲ್ಯಾಂಡ್ ಸೆಷನ್ ಒಳಗೆ ಎಕ್ಸ್‌ವೇಲ್ಯಾಂಡ್ ಎಂಬುದೊಂದು ಇರುತ್ತದೆ. ವೇಲ್ಯಾಂಡ್ ಭಾಷೆ ಬಾರದ ಹಳೆಯ ಪ್ರೋಗ್ರಾಂಗಳಿಗೆ ಅದು ದುಭಾಷಿ. ಅದು ಇರುವುದರಿಂದಲೇ ಹಳೆಯವು ಏನೂ ಆಗದ ಹಾಗೆ ತೆರೆದುಕೊಳ್ಳುತ್ತವೆ, ನಿಮಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸ್ಕ್ರಾಲ್‌ನ ಎಗರು ಮಾತ್ರ ಹಾಗೇ ಉಳಿಯಬಹುದು. 125 ಪರ್ಸೆಂಟ್ ಸ್ಕೇಲ್ ಇಟ್ಟಿದ್ದರೆ ಅಕ್ಷರವೂ ಮಸುಕಾಗಬಹುದು.

ಮೊದಲು ಸಿಸ್ಟಮ್ ಡೀಟೇಲ್ಸ್‌ನಲ್ಲಿ ವಿಂಡೋಯಿಂಗ್ ಸಿಸ್ಟಮ್ ಎದುರು "ವೇಲ್ಯಾಂಡ್" ಎಂದಿದೆಯೇ ನೋಡಿಕೊಳ್ಳಿ. ಆಮೇಲೆ ಬ್ರೌಸರ್‌ಗೆ ಬನ್ನಿ.

ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆಯ ಮೆನು, ಅದರೊಳಗೆ ಹೆಲ್ಪ್, ಅದರೊಳಗೆ ಮೋರ್ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್. ಉದ್ದದ ಪುಟ ತೆರೆಯುತ್ತದೆ. "ವಿಂಡೋ ಪ್ರೋಟೋಕಾಲ್" ಎಂಬ ಸಾಲು ಹುಡುಕಿ. "ವೇಲ್ಯಾಂಡ್" ಎಂದಿದ್ದರೆ ಸರಿ. "ಎಕ್ಸ್‌ವೇಲ್ಯಾಂಡ್" ಎಂದಿದ್ದರೆ ಬ್ರೌಸರ್ ಹಳೆಯದು ಎಂದೇ ತಿಳಿಯಿರಿ. 2023ರ ಡಿಸೆಂಬರ್‌ನಲ್ಲಿ ಬಂದ 121ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ತಾನಾಗಿಯೇ ವೇಲ್ಯಾಂಡ್ ಹಿಡಿಯುತ್ತದೆ. ಅದೇ ಪುಟದಲ್ಲಿ "ಕಾಂಪೋಸಿಟಿಂಗ್" ಎಂಬ ಸಾಲೂ ಇದೆ. ಅಲ್ಲಿ "ವೆಬ್‌ರೆಂಡರ್" ಎಂದಷ್ಟೇ ಇರಬೇಕು. ಪಕ್ಕದಲ್ಲಿ "ಸಾಫ್ಟ್‌ವೇರ್" ಎಂಬ ಮಾತು ಸೇರಿಕೊಂಡಿದ್ದರೆ ಗ್ರಾಫಿಕ್ಸ್ ಚಿಪ್ ಬಳಕೆಯಾಗುತ್ತಿಲ್ಲ. ಹೆಜ್ಜೆ 2ಕ್ಕೆ ವಾಪಸ್ ಹೋಗಿ.

ಕ್ರೋಮ್‌ನ ಹಳೆಯ ಆವೃತ್ತಿ ಇದ್ದರೆ ಅದರ ಫ್ಲ್ಯಾಗ್ಸ್ ಪುಟದಲ್ಲಿ (chrome://flags) "ಪ್ರಿಫರ್ಡ್ ಓಝೋನ್ ಪ್ಲಾಟ್‌ಫಾರ್ಮ್" ಎಂಬುದನ್ನು "ಆಟೊ" ಮಾಡಬೇಕು. ಮಾಡಿದ ಮೇಲೆ ಕಿಟಕಿ ಮುಚ್ಚಿದರೆ ಸಾಲದು. ಕಿಟಕಿ ಮುಚ್ಚಿದರೂ ಕ್ರೋಮ್ ಹಿನ್ನೆಲೆಯಲ್ಲಿ ಓಡುತ್ತಲೇ ಇರಬಹುದು. ಮತ್ತೆ ತೆರೆದಾಗ ಅದೇ ಹಳೆಯ ಕ್ರೋಮ್ ಎದ್ದು ಬರುತ್ತದೆ. "ರೀಲಾಂಚ್" ಗುಂಡಿಯನ್ನೇ ಒತ್ತಿ, ಇಲ್ಲವೇ ಲಾಗ್‌ಔಟ್ ಆಗಿ ಬನ್ನಿ.

ಇಷ್ಟೆಲ್ಲ ಸಾಲು ಹುಡುಕುವುದು ಬೇಡ, ಕಣ್ಣಾರೆ ನೋಡಬೇಕು ಎನ್ನುವವರಿಗೆ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. "ಎಕ್ಸ್‌ಐಸ್" ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ. ಉಬುಂಟುವಿನಲ್ಲಿ ಅದು ಎಕ್ಸ್11-ಆ್ಯಪ್ಸ್ ಎಂಬ ಪ್ಯಾಕೇಜಿನ ಜೊತೆ ಬರುತ್ತದೆ. ಪರದೆ ಮೇಲೆ ಎರಡು ದೊಡ್ಡ ಕಣ್ಣು ತೆರೆದುಕೊಳ್ಳುತ್ತವೆ. ಮೌಸ್ ಹೋದ ಕಡೆ ನೋಡುವುದೇ ಅವುಗಳ ಕೆಲಸ. ಈಗ ಮೌಸನ್ನು ಬ್ರೌಸರ್ ಮೇಲೆ ಓಡಾಡಿಸಿ. ಕಣ್ಣುಗಳು ಹಿಂಬಾಲಿಸಿದರೆ ಬ್ರೌಸರ್ ಇನ್ನೂ ಎಕ್ಸ್ ದಾರಿಯಲ್ಲಿದೆ. ಕದಲದೆ ನಿಂತರೆ ಅದು ವೇಲ್ಯಾಂಡ್‌ಗೆ ಬಂದಿದೆ. ಒಂದು ಪ್ರೋಗ್ರಾಂ ಮೇಲೆ ಮೌಸ್ ಏನು ಮಾಡುತ್ತಿದೆ ಎನ್ನುವುದು ವೇಲ್ಯಾಂಡ್‌ನಲ್ಲಿ ಇನ್ನೊಂದು ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ, ಅದಕ್ಕೇ ಆ ಕಣ್ಣುಗಳು ನಿಲ್ಲುವುದು. ಗೆಳೆಯರ ಮನೆಯಲ್ಲಿ ಇದನ್ನೇ ಮಾಡಿದೆ. ಡೆಸ್ಕ್‌ಟಾಪ್‌ನ "ಫೈಲ್ಸ್" ಪ್ರೋಗ್ರಾಂ ಮೇಲೆ ಕಣ್ಣು ಕದಲಲಿಲ್ಲ. ಬ್ರೌಸರ್ ಮೇಲೆ ಮೌಸ್ ಹೋಗುತ್ತಲೇ ಎರಡೂ ಗುಡ್ಡೆಗಳು ಹೊರಳಿದವು. "ಓ, ಇದಾ ವಿಷಯ!" ಎಂದರು.

ಇನ್ನೊಂದು ವಿಷಯಕ್ಕೆ ಗಾಬರಿಯಾಗಬೇಡಿ. ಬೆರಳು ಎತ್ತಿದ ಮೇಲೂ ಪುಟ ಸ್ವಲ್ಪ ದೂರ ಜಾರುತ್ತದಲ್ವಾ? ಅದನ್ನು ಲಿಬ್‌ಇನ್‌ಪುಟ್ ಮಾಡುವುದಿಲ್ಲ, ಆಯಾ ಪ್ರೋಗ್ರಾಂ ಮಾಡಬೇಕು. ಒಂದರಲ್ಲಿ ಜಾರಿ, ಇನ್ನೊಂದರಲ್ಲಿ ತಟ್ಟನೆ ನಿಂತರೆ ಡಿಸ್‌ಪ್ಲೇ ವ್ಯವಸ್ಥೆಯ ತಪ್ಪಲ್ಲ.

ಹೆಜ್ಜೆ 6: ಸ್ಕೇಲ್

ಅಕ್ಷರ ಚಿಕ್ಕದು ಎಂದು 125 ಪರ್ಸೆಂಟ್ ಇಡುವವರು ಬಹಳ. ಉಬುಂಟುವಿನ ಎಕ್ಸ್11ರಲ್ಲಿ ಹೀಗೆ ಮಾಡಿದರೆ 1920×1080 ಪರದೆಗೆ 3072×1728 ಅಳತೆಯ ಚಿತ್ರ ಬರೆದು, ಆಮೇಲೆ ಕುಗ್ಗಿಸುತ್ತದೆ. ಎರಡೂವರೆ ಪಟ್ಟು ಹೆಚ್ಚು ಕೆಲಸ. ಸಾಧಾರಣ ಲ್ಯಾಪ್‌ಟಾಪ್ ತಡವರಿಸದೆ ಇನ್ನೇನು ಮಾಡೀತು? ಸ್ಕೇಲನ್ನು 100ಕ್ಕೆ ಇಳಿಸಿ, ಗ್ನೋಮ್ ಟ್ವೀಕ್ಸ್ ಎಂಬ ಪ್ರೋಗ್ರಾಂನಲ್ಲಿ ಫಾಂಟ್‌ನ ಸ್ಕೇಲಿಂಗ್ ಮಾತ್ರ 1.25 ಮಾಡಿ. ವೇಲ್ಯಾಂಡ್‌ನಲ್ಲೂ ನಾನು ಹೀಗೇ ಇಟ್ಟುಕೊಂಡಿದ್ದೇನೆ.

ಹೆಜ್ಜೆ 7: ಕನ್ನಡ ಟೈಪ್ ಮಾಡಿ ನೋಡಿ

ಸ್ಕ್ರಾಲ್ ಸರಿಯಾಯಿತು ಎಂದು ಎದ್ದುಬಿಡಬೇಡಿ. ಡಿಸ್‌ಪ್ಲೇ ವ್ಯವಸ್ಥೆ ಬದಲಾದರೆ ಕೀಬೋರ್ಡ್‌ನ ದಾರಿಯೂ ಬದಲಾಗುತ್ತದೆ. ಕನ್ನಡ ಟೈಪ್ ಮಾಡಲು ನೆರವಾಗುವ ಐಬಸ್ ಎಂಬ ಪ್ರೋಗ್ರಾಂ ಗ್ನೋಮ್ ಒಳಗೇ ಇರುವುದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಕೆಡಿಇಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಕೀಬೋರ್ಡ್ ಕೆಳಗಿನ "ವರ್ಚುವಲ್ ಕೀಬೋರ್ಡ್" ಎಂಬಲ್ಲಿ ಐಬಸ್ ವೇಲ್ಯಾಂಡ್ ಅಥವಾ ಅದೇ ಕೆಲಸ ಮಾಡುವ ಎಫ್‌ಸಿಐಟಿಎಕ್ಸ್ 5 ಅನ್ನು ನೀವೇ ಆರಿಸಬೇಕು. ಹೆಸರು ನೋಡಿ ಪರದೆ ಮೇಲಿನ ಕೀಲಿಮಣೆ ಇರಬೇಕು ಎಂದುಕೊಂಡು ಎಷ್ಟೋ ಜನ ಆ ಕಡೆ ಹೋಗುವುದೇ ಇಲ್ಲ. ಬ್ರೌಸರ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ, ಟರ್ಮಿನಲ್‌ನಲ್ಲಿ ಒಂದೊಂದು ಸಲ "ಜ್ಯೋತ್ಸ್ನಾ" ಎಂದು ಹೊಡೆದು ನೋಡಿ. ಒತ್ತುಗಳು ಜಾಗಕ್ಕೆ ಸರಿಯಾಗಿ ಕೂತರೆ ಕೆಲಸ ಆಯಿತು. ಒಂದು ಕಡೆಯಾದರೂ ಕೈಕೊಟ್ಟು, ಸರಿಮಾಡಲು ಆಗದಿದ್ದರೆ, ಕನ್ನಡದಲ್ಲಿ ಬರೆಯುವ ದಿನ, ನಿಮ್ಮಲ್ಲಿ ಇನ್ನೂ ಇದ್ದರೆ, ಎಕ್ಸ್11 ಸೆಷನ್‌ಗೆ ಹೋಗಿ. ಲಾಗಿನ್ ಪರದೆ ನೀವು ಕಡೆಯ ಸಲ ಆರಿಸಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಬರೆದು ಮುಗಿದ ಮೇಲೆ ಹಲ್ಲುಚಕ್ರ ಒತ್ತಿ ವೇಲ್ಯಾಂಡ್‌ಗೆ ವಾಪಸ್ ಬರಲು ಮರೆಯಬೇಡಿ.